ತನ್ನ ದನಿಗೆ ತಾನೇ ಹೂಂಗುಟ್ಟಿದ ಪೆಟ್ಟಿಗೆ

ಜಿಲ್ಲೆಯ ಫೈಬರ್ ಜಾಲದ ಉಸ್ತುವಾರಿ ಹೊತ್ತ ಮಾನ್ಯರೇ,

ಚಿಕ್ಕನರಗುಂದದ ಪಂಚಾಯ್ತಿಗೆ ಬರುವ ಫೈಬರ್ ತಂತಿ ಕಾಲುವೆಯ ಬಳಿ ತುಂಡಾಗಿ ನಲವತ್ತೊಂದು ದಿನವಾಯಿತು. ತಮ್ಮ ದಾಖಲೆಯಲ್ಲಿ ಮಾತ್ರ ಅದು ಸುಸ್ಥಿತಿಯಲ್ಲಿದೆ. ಈ ಸುಳ್ಳಿಗಾಗಿ ತಮ್ಮನ್ನು ಬೈಯಬೇಕೆಂದೇ ಕೂತೆ. ಆದರೆ ಅದರ ಕೆಳಗಿರುವ ಸಹಿ ನನ್ನದು.

ನಾನು ಪಂಚಾಯ್ತಿಯ ಫೈಬರ್ ಪೆಟ್ಟಿಗೆ ನೋಡಿಕೊಳ್ಳುವ ಗುತ್ತಿಗೆ ನೌಕರ. ನರಗುಂದದ ಬಸ್ ನಿಲ್ದಾಣದಲ್ಲಿ ಮಾಹಿತಿ ಹಕ್ಕಿನ ಕರಪತ್ರ ಹಂಚಿದವ. ಸುಳ್ಳು ದಾಖಲೆ ಬಡವರ ತಾಟಿಗೆ ಕೈ ಹಾಕುತ್ತದೆ ಎಂದು ಗಂಟಲು ಹರಿದುಕೊಂಡವ. ಹೂಳೆತ್ತುವ ಜೆಸಿಬಿ ತಂತಿ ಕಿತ್ತ ಮೂರನೆಯ ದಿನ ತಮ್ಮ ತಪಾಸಣೆ ಇತ್ತು. ತಂತಿ ನಿರ್ವಹಣೆಯ ಗುತ್ತಿಗೆದಾರರ ಮೇಲ್ವಿಚಾರಕ ಸಂಗನಬಸವಣ್ಣ ಬೆಳಿಗ್ಗೆಯೇ ಬಂದು ಗೇಣುದ್ದದ ಫೈಬರ್ ತುಂಡೊಂದನ್ನು ನನ್ನ ಕೈಗಿಟ್ಟರು.

“ಒಂದ್ ತುದಿ ಕಳಿಸೂ ತೂತಿಗೆ, ಇನ್ನೊಂದ್ ತುದಿ ಕೇಳೂ ತೂತಿಗೆ ಹಚ್ಚು. ಹಸರ ದೀಪ ಹತ್ತತದ. ಸಾಹೇಬ್ರು ನೋಡಿ, ಚಾ ಕುಡದ ಹೊಕ್ಕಾರ.”

“ಇದು ಖೊಟ್ಟಿ ಅಲ್ಲೇನ್ರಿ ಅಣ್ಣಾ?”

“ಖೊಟ್ಟಿ ಅಲ್ಲೋ ತಮ್ಮಾ, ಹೊಂದಾಣಿಕಿ. ಎರಡ ದಿನದಾಗ ಜೋಡಸ್ತೀವಿ. ವರದಿಗೆ ಲಗೂ ಸಹಿ ಒಗಿ.”

ಒಗೆದೆ.

ಅದು ಹೇಗೆ ನಡೆಯುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆ ಅದಕ್ಕೇ. ಬೆಳಕಿನ ತಂತಿಯಲ್ಲಿ ಸುದ್ದಿ ಇರಲಿ, ಇಲ್ಲದಿರಲಿ, ಮಿನುಗು ನಿಲ್ಲುವಂತಿಲ್ಲ. ಒಂದೆಂದರೆ ಬೆಳಕು, ಸೊನ್ನೆಯೆಂದರೆ ಕತ್ತಲು; ಬರೀ ಸೊನ್ನೆಗಳೇ ಉದ್ದಕ್ಕೆ ಹೋದರೆ ಕೇಳುವ ಯಂತ್ರದ ತಾಳ ತಪ್ಪುತ್ತದೆ. ಆದ್ದರಿಂದ ಸೊನ್ನೆ-ಒಂದುಗಳನ್ನು ನಿಯಮಕ್ಕೆ ತಕ್ಕಂತೆ ಬದಲಾಯಿಸಿ ಕಳಿಸುತ್ತಾರೆ. ಇದೇ ಲೈನ್ ಕೋಡಿಂಗ್. ಪೆಟ್ಟಿಗೆ ತಾಳ ಸರಿಯಿದೆಯೇ ಎಂದಷ್ಟೇ ನೋಡುತ್ತದೆ, ಯಾರ ತಾಳವೆಂದು ಕೇಳುವುದಿಲ್ಲ. ತನ್ನ ದನಿ ತನಗೇ ಮರಳಿ ಬಂದರೂ ಹಸಿರು ದೀಪ ಹಚ್ಚುತ್ತದೆ. ಅದು ಯಂತ್ರ, ಕ್ಷಮಿಸಬಹುದು. ತಾವು? ದೀಪದ ಆಚೆ ಒಂದು ಅಕ್ಷರವಾದರೂ ಹೋಗುತ್ತಿದೆಯೇ ಎಂದು ನೋಡಲು ಎಷ್ಟು ನಿಮಿಷ ಬೇಕಿತ್ತು?

ಪಡಿತರದ ಅಂಗಡಿಯ ಹೆಬ್ಬಟ್ಟಿನ ಯಂತ್ರ ನಡೆಯುವುದು ಇದೇ ತಂತಿಯಿಂದ. ಕೂಲಿ ಮಾಡುವ ಕಳಕವ್ವ ಕಳೆದ ತಿಂಗಳ ಕೊನೆಗೆ ಮೂರು ದಿನ ಕೆಲಸ ಬಿಟ್ಟು ಬಂದು ಬೆರಳೊತ್ತಿದಳು. ಅಂಗಡಿಯ ಮೋದಿನಸಾಬರು ಕೈಚೆಲ್ಲಿದರು: “ಯವ್ವಾ, ಅಕ್ಕಿ ನಿನ್ನ ಕಣ್ಣ ಮುಂದನ ಅದಾವು. ಮಶಿನ್ನ ಹೂಂ ಅನ್ನವಲ್ದು.” ತಿಂಗಳು ಮುಗಿಯಿತು, ಅವಳ ಮನೆಯ ಐದು ಜನರ ಅಕ್ಕಿ ಹೋಯಿತು. ಅವಳ ದೂರಿಗೆ ತಮ್ಮ ಕಚೇರಿ ಕೊಟ್ಟ ಉತ್ತರ: “ಸಂಪರ್ಕ ಸುಸ್ಥಿತಿಯಲ್ಲಿದೆ.” ಆಧಾರ, ನನ್ನ ಸಹಿ.

ಮೊನ್ನೆ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

“ಡಬ್ಬಿ ತಾ ಅಂದದ್ದ ತಾನ ಕೇಳಿ ಹೂಂ ಅಂತೇನೋ ಯಪ್ಪಾ?”

“ಹೌದ್ ಬೇ.”

“ಅದಕ್ಕ ತಲಿ ಇಲ್ಲ ಬಿಡು. ಓದಿದಾವ ನೀ, ಯಾರ ಮಾತ ಕೇಳಿದಿ?”

ಬೈದಿದ್ದರೆ ಹಗುರಾಗುತ್ತಿತ್ತೇನೋ, ಅವಳು ನೀರು ತಂದುಕೊಟ್ಟಳು.

ಆ ತುಂಡನ್ನು ಇಂದು ಬೆಳಿಗ್ಗೆ ಕಿತ್ತು ಹಾಕಿದ್ದೇನೆ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. ಅಷ್ಟರೊಳಗೆ ತಂತಿ ಜೋಡಿಸಿ. ನನ್ನ ಸಹಿಯ ವರದಿ ರದ್ದುಮಾಡಿ. ತಪ್ಪು ಕಳಕವ್ವನ ಬೆರಳಿನದಲ್ಲ, ನಮ್ಮದು ಎಂದು ಆಹಾರ ಇಲಾಖೆಗೆ ಬರೆದು, ಹೋದ ತಿಂಗಳ ಅಕ್ಕಿ ಕೊಡಿಸಿ. ನನ್ನನ್ನು ಕೆಲಸದಿಂದ ತೆಗೆಯಿರಿ, ತಕರಾರಿಲ್ಲ. ಆದರೆ ಅದನ್ನೇ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆದು ಕಡತ ಮುಚ್ಚಬೇಡಿ. ಮುಂದಿನ ತಪಾಸಣೆಗೆ ಬಂದಾಗ ಪಂಚಾಯ್ತಿಗೆ ಬರುವುದೇ ಬೇಡ. ನೇರ ಮೋದಿನಸಾಬರ ಅಂಗಡಿಗೆ ಬಂದು, ಕಳಕವ್ವನ ಹಿಂದೆ ಪಾಳಿಯಲ್ಲಿ ನಿಲ್ಲಿ.

ಇಂತಿ,
ತಮ್ಮ ಪಾಪದಲ್ಲಿ ಪಾಲುದಾರ,
ಗೌತಮ
ಚಿಕ್ಕನರಗುಂದ