ಸೀರಿ ಫೋಟೋದ ಕೆಳಗಿನ ಹೆಸರು

ನಾರಾಯಣಪೇಟೆ

ನೇಕಾರ ಸಂಘದ ಅಧ್ಯಕ್ಷರಾದ ಸಾಯಣ್ಣ ಮಾಮಾ ಅವರಿಗೆ ಕರುಣಾಳ ನಮಸ್ಕಾರ.

ಸಂಘದ ವೆಬ್‌ಪೇಜಿಗೆ ಎಕ್ಸೆಲ್ ಶೀಟು ಕೂಡಿಸಿ, ಅದರಾಗ ನೇಯ್ದವರ ಹೆಸರು ಬರದರ ಸೀರಿ ಫೋಟೋದ ಕೆಳಗ ತಾನಾಗೇ ಮೂಡೂಹಂಗ ಸ್ಕ್ರಿಪ್ಟ್ ಬರದಾಕಿ ನಾನು.

ನಿನ್ನೆ ಗದ್ವಾಲದ ವ್ಯಾಪಾರಿಗೆ ಅವ್ವ, "ಇದು ನಾ ನೇಯ್ದದ್ದು ನೋಡ್ರಿ" ಅಂತ ಫೋನಿನಾಗ ಆ ಪೇಜಿನ ಸೀರಿ ಫೋಟೋ ತೋರಿಸಿದಳು. ಕೆಳಗ ನಿಮ್ಮ ಸೊಸಿ ಹೆಸರಿತ್ತು. ಅವ್ವ ಸುಳ್ಳು ಹೇಳತಾಳಂತ ವ್ಯಾಪಾರಿ ನಕ್ಕರು. ಅವ್ವ ಫೋನು ನನ್ನ ಕೈಗಿಟ್ಟು ಒಳಗ ಹೋದಳು.

ಕೇಳಾಕ ಬಂದರ ನೀವು, "ನೇಕಾರರ ಪ್ರಶಸ್ತಿಗೆ ಸೊಸಿ ಹೆಸರು ಕಳಿಸೀವಿ, ಅದಕ್ಕ ಶೀಟಿನಾಗ ಬದಲಿಸೀನಿ. ಸುಮ್ಮನಿರು" ಅಂದ್ರಿ.

ಸುಮ್ಮನಿರತೀನ್ರಿ. ಆದರ ಪ್ರಶಸ್ತಿಯವರು ಮಗ್ಗದ ಮುಂದ ಕುಂತ ಫೋಟೋ ಕೇಳಿದರ, ಸೊಸೀನ್ನ ನಮ್ಮನಿ ಮಗ್ಗಕ್ಕ ಕರಕೊಂಡು ಬರಬ್ಯಾಡ್ರಿ. ಅವ್ವ ಒಲ್ಲೆ ಅನ್ನಾಂಗಿಲ್ಲ, ಎದ್ದು ಜಾಗ ಬಿಡತಾಳ.

ಇಂತಿ,
ಸುಗುಣಮ್ಮನ ಮಗಳು ಕರುಣಾ