ಕೊಳಕು ಪ್ರತಿ ನನ್ನ ಬಳಿಯಿದೆ

ಮಾನ್ಯ ಕುಲಪತಿಗಳೇ,

ಮುಂದಿನ ತಿಂಗಳು ಹದಿನಾಲ್ಕರಂದು ತಾವು ಬಿಡುಗಡೆ ಮಾಡಲಿರುವ ಪುಸ್ತಕ ತಪ್ಪು ಪುಸ್ತಕ. ಅಚ್ಚಿನ ದೋಷಗಳ ಮಾತಲ್ಲ ಇದು, ಅವನ್ನು ಕ್ಷಮಿಸಬಹುದು. ತಮ್ಮ ರಾಷ್ಟ್ರೀಯ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವ ಸಮಿತಿಯು ಒಂದು ಇಂಗ್ಲಿಷ್ ಅರ್ಥಶಾಸ್ತ್ರ ಪಠ್ಯದ ಕನ್ನಡ ಅನುವಾದದ ಮೊದಲ ಕರಡನ್ನು ಕೊನೆಯ ರೂಪವೆಂದು ತಿಳಿದು ಎರಡು ಸಾವಿರ ಪ್ರತಿ ಅಚ್ಚು ಹಾಕಿಸುತ್ತಿದೆ. ಅದನ್ನು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಂಚುವುದಾಗಿಯೂ ಅನುವಾದಕಿ ಗಿರಿಜಾಂಬಾ ಅವರನ್ನು ಅದೇ ವೇದಿಕೆಯಲ್ಲಿ ಸನ್ಮಾನಿಸುವುದಾಗಿಯೂ ಆಹ್ವಾನ ಪತ್ರಿಕೆಯಲ್ಲಿದೆ. ಅವರಿಗೀಗ ಎಂಬತ್ತನಾಲ್ಕು ವರ್ಷ, ಕಣ್ಣು ಕಾಣುವುದಿಲ್ಲ. ಸ್ವಂತ ಹೆಸರಿನ ಕೆಳಗೆ ಏನು ಅಚ್ಚಾಗುತ್ತಿದೆಯೆಂದು ಅವರಿಗೆ ತಿಳಿಯದು. ನನಗೆ ತಿಳಿದಿದೆ.

ನಾನು ತಮ್ಮ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ರವಾನೆ ಗುಮಾಸ್ತನಾಗಿದ್ದವನು. ತಾವು ಹೊರತಂದಿರುವ ಸಂಸ್ಥೆಯ ಚರಿತ್ರೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಬಹುಶಃ ಹಾಗೆ ಓದಿದವನು ನಾನೊಬ್ಬನೇ. ಹನ್ನೊಂದು ಶಂಕುಸ್ಥಾಪನೆಗಳ ಚಿತ್ರಗಳಿವೆ. ಮಂಡಿ ಮೊಹಲ್ಲಾದ ದಿನಗಳಿಗೆ ‘ವಿನಮ್ರ ಆರಂಭ’ ಎಂಬ ಎರಡು ಪದಗಳು ಸಾಕಾಗಿವೆ. ಆ ಆರಂಭದ ವಿಳಾಸ ಒಣಮೆಣಸಿನಕಾಯಿ ಮಂಡಿಯ ಮೇಲಿನ ಎರಡು ಕೋಣೆಗಳು. ಕೆಳಗೆ ಮೂಟೆ ಇಳಿಸಿದಾಗಲೆಲ್ಲ ಮೇಲೆ ಉಪನ್ಯಾಸಕರೂ ವಿದ್ಯಾರ್ಥಿಗಳೂ ಒಟ್ಟಿಗೆ ಕೆಮ್ಮುತ್ತಿದ್ದರು. ಸಂಜೆ ಪಾಠಕ್ಕೆ ಬರುತ್ತಿದ್ದವರು ಹಗಲು ಅದೇ ಬೀದಿಯ ಅಂಗಡಿಗಳಲ್ಲಿ ತೂಕ ಹಾಕುತ್ತಿದ್ದವರು. ಪಾಠ ಇಂಗ್ಲಿಷಿನಲ್ಲಿ, ಅವರ ಬದುಕು ಕನ್ನಡದಲ್ಲಿ. ಆ ಕಾರಣಕ್ಕೇ ಅನುವಾದ ವಿಭಾಗ ಹುಟ್ಟಿದ್ದು. ಸಂಸ್ಥೆ ಕಾಲೇಜಾಯಿತು, ಸ್ವಾಯತ್ತವಾಯಿತು, ವಿಶ್ವವಿದ್ಯಾಲಯವಾಯಿತು, ಆರು ವರ್ಷಗಳ ಹಿಂದೆ ‘ರಾಷ್ಟ್ರೀಯ’ವೂ ಆಯಿತು, ಅದೇ ವರ್ಷ ಅನುವಾದ ವಿಭಾಗಕ್ಕೆ ಬೀಗ ಬಿತ್ತು. ರಾಷ್ಟ್ರೀಯವಾಗುವುದಕ್ಕೆ ಕನ್ನಡ ಅಡ್ಡಿಯಾಗಿತ್ತು, ಐವತ್ತು ತುಂಬಿದಾಗ ಅಲಂಕಾರಕ್ಕೆ ಬೇಕಾಯಿತು ಎಂದು ನಾನು ತಿಳಿಯಬೇಕೇ?

ಈಗ ಆ ವಿಭಾಗ ಕೆಲಸ ಮಾಡುತ್ತಿದ್ದ ರೀತಿಯನ್ನು ಹೇಳಬೇಕು, ಏಕೆಂದರೆ ಚರಿತ್ರೆಯಲ್ಲಿ ಅದಿಲ್ಲ. ಗಿರಿಜಾಂಬಾ ಒಂದೊಂದೇ ಅಧ್ಯಾಯವನ್ನು ಕನ್ನಡಕ್ಕೆ ತಂದು ಬೆರಳಚ್ಚು ಮಾಡಿಸುತ್ತಿದ್ದರು, ಕೆಳಗೊಂದು ಕಾರ್ಬನ್ ಇಟ್ಟು. ಕಾರ್ಬನ್ ಪ್ರತಿ ನಿಯಮದಂತೆ ಗ್ರಂಥಾಲಯಕ್ಕೆ ಹೋಗಿ ರಟ್ಟು ಕಟ್ಟಿಸಿಕೊಂಡು ಕೂರುತ್ತಿತ್ತು. ಮೇಲಿನ ಪ್ರತಿಯನ್ನು ಅರ್ಥಶಾಸ್ತ್ರ ಬಾರದ ಒಬ್ಬರು ಗಟ್ಟಿಯಾಗಿ ಓದಬೇಕು. ಓದುವವರು ತಡವರಿಸಿದಲ್ಲೆಲ್ಲ ವಾಕ್ಯವನ್ನು ಹೊಡೆದು ಹಾಕಿ, ಇಬ್ಬರೂ ಕೂತು ಬೇರೆ ವಾಕ್ಯ ಕಟ್ಟಿ, ಚೀಟಿ ಅಂಟಿಸಬೇಕು. ಹೀಗೆ ನಾಲ್ಕು ಸುತ್ತು. ಕೊನೆಗೆ ಶಾಯಿ, ಗೋಂದು, ಚೀಟಿಗಳಿಂದ ಹಪ್ಪಳದಂತಾದ ಆ ಪ್ರತಿಯಿಂದಲೇ ಸೈಕ್ಲೋಸ್ಟೈಲ್ ಮಾಡಿ ವಿದ್ಯಾರ್ಥಿಗಳಿಗೆ ಹಂಚುತ್ತಿದ್ದರು. ಪುಸ್ತಕವಾಗಿ ಅದೆಂದೂ ಅಚ್ಚಾಗಲಿಲ್ಲ. ಹಾಗೆ ಗಟ್ಟಿಯಾಗಿ ಓದುತ್ತಿದ್ದವನು ನಾನು. ಊಟದ ಬಿಡುವಿನಲ್ಲಿ ರಷ್ಯನ್, ಬಂಗಾಳಿ ಕಾದಂಬರಿಗಳ ಕನ್ನಡ ಅನುವಾದಗಳನ್ನು ಓದುತ್ತಿದ್ದುದನ್ನು ಕಂಡು ಅವರೇ ಕರೆದರು. ಹನ್ನೆರಡು ವರ್ಷ, ವಾರಕ್ಕೆ ಎರಡು ದಿನ ಓದಿದೆ.

ತಮ್ಮ ಸಮಿತಿ ಗ್ರಂಥಾಲಯದಲ್ಲಿ ಹುಡುಕಿ, ರಟ್ಟು ಕಟ್ಟಿದ, ಒಂದೂ ಕಲೆಯಿಲ್ಲದ ಕಾರ್ಬನ್ ಪ್ರತಿಯನ್ನು ಕಂಡು ಹಿಗ್ಗಿತು. ನಮ್ಮಲ್ಲಿ ಕೊಳಕಾದಷ್ಟೂ ಪ್ರತಿ ಶುದ್ಧವಾಗಿರುತ್ತಿತ್ತೆಂದು ಅವರಿಗೆ ಹೇಳುವವರಾದರೂ ಯಾರಿದ್ದರು? ನಾನೇ ಹೋಗಿ ಹೇಳಿದೆ. ನನ್ನ ಬಳಿಯಿರುವ ಮೇಲಿನ ಪ್ರತಿಯ ಒಂದು ಹಾಳೆಯನ್ನೂ ಒಯ್ದಿದ್ದೆ. ಸಮಿತಿಯ ಸಂಚಾಲಕ ವಿಜಯ್‌ಕುಮಾರ್ ಅವರು ಸಭ್ಯರು, ಕುರ್ಚಿ ಕೊಟ್ಟರು. ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಸಾರ್, ನಮ್ಮದು ಒರಿಜಿನಲ್, ನೀಟಾಗಿದೆ. ಇದ್ರಲ್ಲಿ ಒಂದು ಲೈನಾದ್ರೂ ನೆಟ್ಟಗಿದೆಯಾ, ನೀವೇ ಹೇಳಿ” ಎಂದರು. ಸಮಿತಿಯ ಪುಸ್ತಕದ ಕರಡಚ್ಚಿನ ಮೂರನೆಯ ಸಾಲನ್ನು ತಾವೇ ಓದಿ ನೋಡಬೇಕು: ‘ಬೆಲೆಯ ಏರುಮುಖತೆಯಿಂದಾಗಿ ಬೇಡಿಕೆಯ ಇಳಿಮುಖತೆಯು ಸಂಭಾವ್ಯವಾಗಿ ಉಂಟುಮಾಡಲ್ಪಡುತ್ತದೆ.’ ಆ ಕೊಳಕು ಹಾಳೆಯಲ್ಲಿ ಇರುವುದು ಇಷ್ಟು: ‘ಬೆಲೆ ಏರಿದರೆ ಜನ ಸಾಮಾನ್ಯವಾಗಿ ಕಡಿಮೆ ಕೊಳ್ಳುತ್ತಾರೆ.’ ಯಾವುದು ನೆಟ್ಟಗಿದೆ?

ಕಳೆದ ಭಾನುವಾರ ಗಿರಿಜಾಂಬಾ ವಿದ್ಯಾರಣ್ಯಪುರಂನ ತಮ್ಮ ಮನೆಗೆ ನನ್ನನ್ನು ಕರೆಸಿದರು. ಸಮಿತಿ ಕಳಿಸಿದ್ದ ಕರಡಚ್ಚು ಅವರ ತೊಡೆಯ ಮೇಲಿತ್ತು. ಕಾಫಿ ಬಂತು. ಮೊದಲಿನ ಹಾಗೇ ಓದಿ ಎಂದರು. ಆ ಮೂರನೆಯ ಸಾಲಿಗೆ ಬಂದು ನಿಂತೆ, ಮತ್ತೆ ಓದಿದೆ.

“ನಾನೆಲ್ಲಿ ಹಾಗೆ ಬರ್ದಿದ್ದೆ?” ಎಂದರು ಗಿರಿಜಾಂಬಾ. “ನೀವೇ ಸೇರ್ಸಿ ಓದ್ತಿದ್ದೀರ ಮಂಟೇಸ್ವಾಮಿ. ನಿಮ್ಮ ಹೊಟ್ಟೆಕಿಚ್ಚು ನಂಗೆ ಇವತ್ತು ಗೊತ್ತಾಗಿದ್ದಲ್ಲ ಕಣ್ರೀ.”

ಕಾಗದ ನೋಡುತ್ತಲೇ, ನೆನಪಿನಿಂದ, ಕೊಳಕು ಹಾಳೆಯ ವಾಕ್ಯ ಹೇಳಿದೆ. ಅವರ ಮುಖ ಅರಳಿತು.

“ನೋಡಿದ್ರಾ? ಇದು ನನ್ನ ವಾಕ್ಯ.”

ಆ ವಾಕ್ಯ ನನ್ನದು, ಮಾನ್ಯರೇ. ಒಂದು ಗುರುವಾರ ಮಧ್ಯಾಹ್ನ, ಎರಡನೆಯ ಸುತ್ತಿನಲ್ಲಿ ನಾನು ಹೇಳಿದ್ದು. ಅವರು ಬರೆದುಕೊಂಡು ಚೀಟಿ ಅಂಟಿಸಿದ್ದರು. ಅಲ್ಲಿಂದ ಮುಂದೆ ಇಡೀ ಅಧ್ಯಾಯವನ್ನು ಹೀಗೆಯೇ, ಅಚ್ಚಾದದ್ದನ್ನು ಬಿಟ್ಟು ನೆನಪಿನಲ್ಲಿದ್ದುದನ್ನು ಓದಿದೆ. ಅವರು ತಲೆದೂಗುತ್ತ ಕೇಳಿದರು. ಹೊರಗೆ ಬಂದಾಗ ಹೊಳೆಯಿತು, ನಾನು ಸುಮ್ಮನಿದ್ದರೆ ಸಾಕು. ಅವರು ಶಾಲು ಹೊದ್ದು ವೇದಿಕೆಯಲ್ಲಿ ಕೂರುತ್ತಾರೆ, ವಿದ್ಯಾರ್ಥಿಗಳು ಪುಸ್ತಕ ತೆರೆದು ಮೂರನೆಯ ಸಾಲಿಗೆ ನಗುತ್ತಾರೆ, ನಾನಿಲ್ಲದೆ ಗಿರಿಜಾಂಬಾ ಅವರ ಕನ್ನಡ ಹೇಗಿತ್ತೆಂದು ಮೈಸೂರಿಗೆ ತಿಳಿಯುತ್ತದೆ. ಬಸ್ ನಿಲ್ದಾಣದಲ್ಲಿ ನಿಂತು ಇದನ್ನು ಯೋಚಿಸುತ್ತ ನನಗೆ ಸಂತೋಷವಾಯಿತು. ಎರಡು ಬಸ್ ಬಿಟ್ಟೆ.

ಆದರೆ ಆ ಸಂತೋಷದಲ್ಲಿ ಒಂದು ಲೆಕ್ಕ ತಪ್ಪಿತ್ತು. ಇಂಗ್ಲಿಷ್ ಬಲ್ಲವರು ಅವರು. ಏನು ಹೇಳಬೇಕೆಂದು ತಿಳಿದಿದ್ದು ಅವರಿಗೆ. ಅದು ಎಲ್ಲಿ ಕೇಳಿಸುತ್ತಿಲ್ಲವೆಂದು ತಿಳಿದಿದ್ದು ನನಗೆ. ಅವರು ನಗೆಪಾಟಲಾದರೆ ನನ್ನ ಹನ್ನೆರಡು ವರ್ಷವೂ ನಡೆದೇ ಇಲ್ಲವೆಂದಾಗುತ್ತದೆ. ಹೊಟ್ಟೆಕಿಚ್ಚು ಪಡಲಿಕ್ಕೂ ನನ್ನ ಬಳಿ ಬೇರೆ ಏನಿದೆ?

ಆದ್ದರಿಂದ ಪತ್ರಿಕೆಯ ಮೂಲಕ, ಬಹಿರಂಗವಾಗಿ ಕೇಳುತ್ತಿದ್ದೇನೆ. ಅಚ್ಚನ್ನು ನಿಲ್ಲಿಸಿ. ಮೇಲಿನ ಪ್ರತಿ, ಇನ್ನೂರ ಆರು ಹಾಳೆ, ನನ್ನ ಮನೆಯ ಬೀರುವಿನಲ್ಲಿದೆ. ನಿವೃತ್ತಿಯ ದಿನ ಯಾರನ್ನೂ ಕೇಳದೆ ತಂದದ್ದು, ಅದಕ್ಕೆ ತಾವು ಶಿಸ್ತುಕ್ರಮ ಕೈಗೊಳ್ಳಬಹುದು. ಅದರಿಂದ ಅಚ್ಚು ಮಾಡಿಸಿ, ಸಮಾರಂಭ ಎರಡು ತಿಂಗಳು ತಡವಾಗಲಿ. ಶೀರ್ಷಿಕೆ ಪುಟದಲ್ಲಿ ಗಿರಿಜಾಂಬಾ ಅವರ ಹೆಸರಿನ ಕೆಳಗೆ, ಎಷ್ಟೇ ಸಣ್ಣ ಅಕ್ಷರದಲ್ಲಾದರೂ, ನನ್ನ ಹೆಸರು ಹಾಕಿಸಿ. ‘ನನ್ನ ಹೆಸರು ಮುಖ್ಯವಲ್ಲ’ ಎಂದು ಮೊದಲು ಬರೆದಿದ್ದೆ. ಗಟ್ಟಿಯಾಗಿ ಓದಿ ನೋಡಿದಾಗ ತಡವರಿಸಿತು, ಹೊಡೆದು ಹಾಕಿದೆ.

ಗಿರಿಜಾಂಬಾ ಅವರಿಗೆ ಇನ್ನೂ ಏನೂ ಹೇಳಿಲ್ಲ. ಈ ಪತ್ರ ಪತ್ರಿಕೆಯಲ್ಲಿ ಬಂದ ದಿನ ಅವರಿಗೆ ಓದಿ ಹೇಳಬೇಕಾದವನೂ ನಾನೇ. ಈ ಸಲ ಅಚ್ಚಾದದ್ದನ್ನೇ ಓದುತ್ತೇನೆ.

ಇಂತಿ,
ತಮ್ಮ ಚರಿತ್ರೆಯ ಯಾವ ಪುಟದಲ್ಲೂ ಸಿಗದ,
ಮಂಟೇಸ್ವಾಮಿ
ನಿವೃತ್ತ ರವಾನೆ ಗುಮಾಸ್ತ, ಮೈಸೂರು