ಒಂಟಿಚಕ್ರಕ್ಕೆ ಗಿಡ್ಡ ಕ್ರ್ಯಾಂಕು

3, ಸೋಮವಾರ. ಬೆಳಿಗ್ಗೆ

ಎಂದಿನಂತೆ ಒಂಟಿಚಕ್ರದ ಸೈಕಲ್ ಹತ್ತಿ ಹಾಲಿಗೆ ಹೋದೆ. ಬರುವಾಗ ಎಡಗಾಲಿನ ಪೆಡಲ್ ಕಟಕಟ. ಗೇಟಿನ ಮುಂದೆ ಪೆಡಲ್ ಕಳಚಿ ಚರಂಡಿಗೆ, ನಾನು ಪಕ್ಕದ ಮನೆಯ ಹೂಕುಂಡಕ್ಕೆ. ಹಾಲಿನ ಪಾಕೀಟು ಒಡೆಯಲಿಲ್ಲ, ಪುಣ್ಯ.

ಇವರು ಬಾಗಿಲಲ್ಲೇ ನಿಂತಿದ್ದರು. "ಅರವತ್ತು ಹತ್ರ ಬಂತು. ಎಲ್ಲರ ಥರ ಎರಡು ಚಕ್ರದ್ದು ಓಡಿಸಿದ್ರೆ ಏನು ಗಂಟು ಹೋಗುತ್ತೆ?" ಎಂದರು. ಇಷ್ಟು ವರ್ಷ ಇವರ ಜೊತೆ ಬ್ಯಾಲೆನ್ಸ್ ಮಾಡಿದವಳಿಗೆ ಒಂದು ಚಕ್ರ ಯಾವ ಲೆಕ್ಕ... ಹೇಳಲಿಲ್ಲ. ಇಲ್ಲಿ ಬರೆದೆ.

ಸಂಜೆ

ಮೊಮ್ಮಗಳು ಮುಖ ಊದಿಸಿಕೊಂಡು ಸ್ಕೂಲಿನಿಂದ ಬಂದಳು. ನಮ್ಮಜ್ಜಿ ಒಂದೇ ಚಕ್ರದ ಸೈಕಲ್ ಓಡಿಸ್ತಾರೆ ಎಂದು ಕ್ಲಾಸಿನಲ್ಲಿ ಹೇಳಿದಳಂತೆ. ಎಲ್ಲರೂ ನಕ್ಕರಂತೆ. ಟೀಚರೂ "ಬುರುಡೆ ಬಿಡಬಾರದು ಪುಟ್ಟಿ" ಅಂದರಂತೆ. ಈಗ ಇವಳ ಹೆಸರು ಬುರುಡೆ.

"ಶನಿವಾರ ನೀನೇ ಸ್ಕೂಲಿಗೆ ಬಾ ಅಜ್ಜಿ. ಅದರ ಮೇಲೇ ಬಾ."

ಹೂಂ ಅಂದುಬಿಟ್ಟೆ. ಸೈಕಲ್ಲಿಗೆ ಈಗ ಒಂದೇ ಪೆಡಲ್ ಎನ್ನುವುದು ಆಮೇಲೆ ನೆನಪಾಯಿತು. ಸುಳ್ಳು ಹೇಳುವ ಮಗುವಲ್ಲ ಅದು.

5, ಬುಧವಾರ

ರಿಪೇರಿ ಅಂಗಡಿ. ಅಂಗಡಿಯವನಿಗೆ ಗ್ರೀಸ್ ಮಾಮ ಎಂದು ಹೆಸರಿಟ್ಟದ್ದು ಮೊಮ್ಮಗಳು. ಪೆಡಲ್ ಚೆನ್ನಾಗಿಯೇ ಇದೆಯಂತೆ. ಹೋದದ್ದು ಕ್ರ್ಯಾಂಕು — ಪೆಡಲನ್ನು ಚಕ್ರಕ್ಕೆ ಸೇರಿಸುವ ತೋಳು. ಪೆಡಲ್ ಕೂರುವ ತೂತಿನಲ್ಲಿ ತಿರುಪಿನ ಥ್ರೆಡ್ಡೇ ಉಳಿದಿಲ್ಲ.

"ಅಮ್ಮ, ಚಕ್ರ ಬಿಚ್ಚಿದ್ದು ಯಾರು? ತಿರುಗುಮುರುಗು ಕೂರಿಸಿದಾರೆ. ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ. ನೀವು ತುಳಿದಷ್ಟೂ ಪೆಡಲ್ ಬಿಚ್ಕೊಂಡಿದೆ."

ಇನ್ಯಾರು, ಇವರೇ. ಭಾನುವಾರ ನಾನು ಅಕ್ಕನ ಮನೆಯಿಂದ ಬರುವಷ್ಟರಲ್ಲಿ ಸೈಕಲ್ ಫಳಫಳ ಹೊಳೆಯುತ್ತಿತ್ತು. ಮೊಮ್ಮಗಳ ಕೆಲಸ ಅಂದುಕೊಂಡಿದ್ದೆ.

ಅಂಗಡಿಯಲ್ಲಿ ಬಿಡಿ ಕ್ರ್ಯಾಂಕು ಒಂದಿತ್ತು. "ಒಂಚೂರು ಉದ್ದ, ಅಷ್ಟೆ. ಹಾಕಿಬಿಡ್ಲಾ?" ಎಂದ. ಅಂಗಿ ಹೊಲಿದು ಬದುಕುವವಳು ನಾನು. ಒಂದು ತೋಳು ಉದ್ದ, ಒಂದು ಗಿಡ್ಡ ಇಟ್ಟರೆ ಗಿರಾಕಿ ಬಿಡುತ್ತಾರೆಯೇ? ಜೋಡಿಯೇ ಬೇಕು ಎಂದೆ.

ಇರುವ ಜೋಡಿ ಗಿಡ್ಡದ್ದು. 125 ಮಿಲಿಮೀಟರ್. ನನ್ನದು 150. ಆ ಅಳತೆಯ ಜೋಡಿ ಬರಲು ಮುಂದಿನ ವಾರ. "ಗಿಡ್ಡದ್ದು ಸಮ ರಸ್ತೇಲಿ ಜುಮ್ ಅಂತ ಹೋಗುತ್ತೆ. ಏರು ಬಂದ್ರೆ ಮಾತ್ರ ತೊಡೆ ಕಿತ್ತು ಬರುತ್ತೆ."

ಸ್ಕೂಲು ಇರುವುದು ಏರಿನ ತುದಿಯಲ್ಲಿ. ಆದರೆ ಶನಿವಾರ ಕಾಯುವುದಿಲ್ಲ. ಗಿಡ್ಡದ್ದನ್ನೇ ತಂದೆ.

6, ಗುರುವಾರ

"ರೀ, ಚಕ್ರ ಬಿಚ್ಚಿದ್ರಾ?"

"ಒರೆಸಿದೆ ಅಷ್ಟೆ... ತುಕ್ಕು ಹಿಡೀತಿತ್ತು." ಕಿವಿ ಕೆಂಪಗಾಯಿತು.

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ದಿನಾ ಸೈಕಲ್ಲನ್ನು ಶಪಿಸುವ ಮನುಷ್ಯ ಕದ್ದುಮುಚ್ಚಿ ಒರೆಸಿಟ್ಟಿದ್ದಾರೆ. ಮನಸ್ಸು ತುಂಬಿತು, ನಿಜ.

ಇಬ್ಬರೂ ಕೂತೆವು. ನಡುವಿನ ಬೋಲ್ಟ್ ಬಿಚ್ಚಿ, ಕ್ರ್ಯಾಂಕು ಎಳೆದು ತೆಗೆಯಲು ಗ್ರೀಸ್ ಮಾಮ ಕೊಟ್ಟ ಪುಲ್ಲರ್ ತಿರುಗಿಸುತ್ತಾ ಹೋದರೆ — ಕಡಕ್, ಹಳೆಯದು ಕೈಗೆ ಬಂತು. ಹೊಸದನ್ನು ಕೂರಿಸುವ ಮೊದಲು ಇವರು ಎಡ, ಎಡ, ಎಡ ಎಂದು ಜಪ ಮಾಡಿದರು. ಒಂದು ಸುತ್ತು ಓಡಿಸಿ ಬಂದು ಬೋಲ್ಟ್ ಮತ್ತೆ ಬಿಗಿ ಮಾಡಿದೆವು.

7, ಶುಕ್ರವಾರ

ಏರಿನಲ್ಲಿ ಪ್ರಾಕ್ಟೀಸ್. ಅರ್ಧಕ್ಕೇ ಬಿದ್ದೆ. ಮತ್ತೆ ಅರ್ಧಕ್ಕೇ. ಇವರು ಹಿಂದೆ ದಿಂಬು ಹಿಡಿದುಕೊಂಡು ಓಡಿ ಬರುತ್ತಿದ್ದರು — ಎಲ್ಲಿ ಬೀಳುತ್ತೇನೋ ಅಲ್ಲಿಗೆ ಹಾಕಲು. ಒಮ್ಮೆಯೂ ಸರಿಯಾದ ಜಾಗಕ್ಕೆ ಬರಲಿಲ್ಲ.

ನಾನು ಬಿದ್ದರೆ ಎದ್ದೇನು. ಆ ಗೇಟಿನ ಮುಂದೆ ಬಿದ್ದರೆ ಮಗು ತಲೆ ಎತ್ತುವುದು ಹೇಗೆ? ಭಯವಾಗುತ್ತಿದೆ.

"ನೆಟ್ಟಗೆ ಯಾಕೆ ಹತ್ತುತೀಯ? ಅಡ್ಡಡ್ಡ ಹತ್ತು, ಹಾವಿನ ಥರ," ಎಂದರು ಇವರು. ದಿಂಬಿನ ಮೇಲೆ ಕೂತು ಹೇಳಿದ ಮಾತು. ಮಾಡಿ ನೋಡಿದೆ. ಮುಕ್ಕಾಲು ಹತ್ತಿತು.

8, ಶನಿವಾರ. ಬೆಳಿಗ್ಗೆ

ಬೋಲ್ಟ್ ನೋಡಿದೆ. ಪೆಡಲ್ ನೋಡಿದೆ. ಹೊರಟೆ.

11, ಮಂಗಳವಾರ

ಪೆನ್ನು ಹಿಡಿಯಲು ಇವತ್ತು ಸಾಧ್ಯವಾಯಿತು. ತೊಡೆ ಅಷ್ಟೇ ಅಲ್ಲ, ಬೆರಳೂ ನೋಯುತ್ತಿದ್ದವು, ಸೀಟನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಹತ್ತಿದೆ. ಅಡ್ಡಡ್ಡ, ಹಾವಿನ ಹಾಗೆ, ಗೇಟಿನವರೆಗೂ. ಕ್ಲಾಸಿಗೆ ಕ್ಲಾಸೇ ಕಂಬಿ ಹಿಡಿದು ನಿಂತಿತ್ತು. ಟೀಚರು ಮೊಮ್ಮಗಳ ಮುಂದೆ ಮಂಡಿಯೂರಿ "ತಪ್ಪಾಯ್ತು ಪುಟ್ಟಿ. ನೀನು ಹೇಳಿದ್ದು ನಿಜ" ಎಂದರು. ಅವಳ ಮುಖ ನೋಡಬೇಕಿತ್ತು. ನನಗೆ ಅಳು ಬಂತು, ಬೆವರು ಎಂದು ಒರೆಸಿಕೊಂಡೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ದಿಂಬು ಹಿಡಿದು ನಿಂತಿದ್ದ ಇವರನ್ನು ತೋರಿಸಿ, "ನಮ್ಮ ತಾತನಿಗೂ ಬರುತ್ತೆ. ಬರೋ ತಿಂಗಳು ಓಡಿಸ್ಕೊಂಡು ಬರ್ತಾರೆ" ಎಂದುಬಿಟ್ಟಳು. ಇದು ಅಪ್ಪಟ ಬುರುಡೆ. ಇವರು ಬಗ್ಗಿ ಕ್ರ್ಯಾಂಕು ನೋಡತೊಡಗಿದರು.

ಇವತ್ತು ಗ್ರೀಸ್ ಮಾಮ ಪೊಟ್ಟಣ ತಂದುಕೊಟ್ಟ. 150ರ ಜೋಡಿ. ನಾನು ತರಿಸಲು ಹೇಳಿರಲಿಲ್ಲ.

"ಕಲಿಯೋರಿಗೆ ಉದ್ದದ್ದೇ ಒಳ್ಳೇದಂತೆ," ಎಂದರು ಇವರು, ಗೋಡೆ ನೋಡಿಕೊಂಡು.

ಮಧ್ಯಾಹ್ನವೇ ಹಾಕಿಕೊಟ್ಟೆ. ಈಗ ಇವರು ನಡುಮನೆಯಲ್ಲಿ ಸೈಕಲ್ ಮೇಲೆ ಕೂತು ಗೋಡೆ ಹಿಡಿದಿದ್ದಾರೆ. "ಕೈ ಬಿಡು ತಾತ, ನಾನಿದೀನಿ" ಎನ್ನುತ್ತಿದ್ದಾಳೆ ಅವಳು. ಬಿಡುವ ಹಾಗೆ ಕಾಣುತ್ತಿದೆ. ಆ ದಿಂಬು ಎಲ್ಲಿಟ್ಟೆ —